ದೊರೆಸಾನಿಯ ಒಂದು ಕಡ್ಡಿ

ಮನೆಯ ಹಿಂದಿನ ಗಾಜಿನ ಕೋಣೆ,
ಸೆಪ್ಟೆಂಬರ್ ೭, ಭಾನುವಾರ ಮಧ್ಯಾಹ್ನ

ಅಪ್ಪನವರಿಗೆ ಮಗಳ ನಮಸ್ಕಾರಗಳು.

"ಪ್ರೀತಿಯ ಅಪ್ಪ" ಎಂದು ಶುರು ಮಾಡುವುದು ರೂಢಿ. ಹಾಗೇ ಶುರು ಮಾಡಿದ್ದೆ. ಆಮೇಲೆ ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಅಲುಗಾಡುವ ಬೆಂಚಿನ ಕಾಲಿನಡಿ ಇಟ್ಟು, ಈ ಹಾಳೆ ತೆಗೆದುಕೊಂಡೆ. ಚಿಕ್ಕವಳಿದ್ದಾಗ ನಿಮ್ಮನ್ನು "ನೀನು" ಅನ್ನುತ್ತಿದ್ದೆ. ಅಜ್ಜಿ ಎಷ್ಟು ಕಿವಿ ಹಿಂಡಿದರೂ ಬಿಟ್ಟಿರಲಿಲ್ಲ. ಈಗ "ನೀವು" ಎಂದು ಬರೆಯುತ್ತಿದ್ದೇನೆ. ಮಗಳು ಮರ್ಯಾದೆ ಕಲಿತಳು ಎಂದು ಖುಷಿಪಡಬೇಡಿ, ಪರಿಚಯ ಕಡಿಮೆ ಇರುವವರನ್ನು ನಾನು ಹಾಗೆಯೇ ಕರೆಯುವುದು.

ಮೊದಲು ಆರೋಗ್ಯ ವಿಚಾರಿಸಬೇಕು, ಮಿಕ್ಕ ಸುದ್ದಿ ಆಮೇಲೆ. ಕಾಗದ ಬರೆಯುವ ಈ ಕ್ರಮ ಕಲಿಸಿದವರು ನೀವೇ. ನಿಮ್ಮ ಮಂಡಿನೋವು ಹೇಗಿದೆ? ಕುಂಡಗಳ ನಡುವೆ ಕೂತು ಎದ್ದು ಸವೆಸಿಕೊಂಡ ಮಂಡಿ ಅದು. ಎದ್ದಾಗಲೆಲ್ಲ ಲಟಕ್ಕೆನ್ನುತ್ತಿತ್ತು, ನಾನು ನಗುತ್ತಿದ್ದೆ. ನಿಮ್ಮ ಕಾಗದದಲ್ಲಿ ಅದರ ಸುದ್ದಿ ಇರಲಿಲ್ಲ, ವಾಸಿಯಾಗಿರಬೇಕು ಅಂದುಕೊಳ್ಳುತ್ತೇನೆ. ನಮ್ಮ ಆರೋಗ್ಯವನ್ನು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಅಜ್ಜಿಗೆ ಒಂದು ಕಣ್ಣು ಪೂರ್ತಿ ಮಂಜು, ಇನ್ನೊಂದರಲ್ಲಿ ತನಗೆ ಬೇಕಾದದ್ದು ಮಾತ್ರ ಕಾಣುತ್ತದೆ. ಬಾಯಿ ಮಾತ್ರ ಗಟ್ಟಿಯಾಗಿದೆ. ಅಮ್ಮ ಈಗಲೂ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹರಿದ ಹೊದಿಕೆಗಳಿಗೆ ಹೊಲಿಗೆ ಹಾಕುತ್ತಾಳೆ. ಇವತ್ತು ಭಾನುವಾರವಾದರೂ ಅವಳಿಗೆ ಪಾಳಿ ಇದೆ. ಬೆನ್ನು ಬಗ್ಗಿದೆ, ಅವಳು ಒಪ್ಪುವುದಿಲ್ಲ. ನಾನು ಆಫೀಸುಗಳಿಗೆ ಗಿಡಗಳನ್ನು ಬಾಡಿಗೆಗೆ ಕೊಡುವ ಕಂಪನಿಯೊಂದರಲ್ಲಿದ್ದೇನೆ. ವ್ಯಾನಿನಲ್ಲಿ ಊರೆಲ್ಲ ಸುತ್ತಿ, ಯಾರೂ ತಿರುಗಿ ನೋಡದ ಗಿಡಗಳ ಎಲೆ ಒರೆಸಿ, ನೀರು ಹಾಕಿ, ಸತ್ತದ್ದನ್ನು ಎತ್ತಿಕೊಂಡು ಅದೇ ಎತ್ತರದ ಇನ್ನೊಂದನ್ನು ಅಲ್ಲಿಟ್ಟು ಬರುವುದು ನನ್ನ ಕೆಲಸ. ಹೀಗೆ ಬದಲಾಯಿಸಿದ್ದು ಇಲ್ಲಿಯವರೆಗೆ ಯಾವ ಆಫೀಸಿನವರಿಗೂ ಗೊತ್ತಾಗಿಲ್ಲ.

ನಿಮ್ಮ ಕಾಗದ ಬುಧವಾರ ಬಂತು. ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಅಜ್ಜಿಗೆ ಗೊತ್ತಾಗಿಹೋಯಿತು. ಮಂಜುಗಣ್ಣಿಗೂ ಅದು ಕಂಡಿತು ನೋಡಿ. ಎಷ್ಟೋ ವರ್ಷದ ಮೇಲೆ ಬಂದ ಕಾಗದ, ಯಾರೋ ತೀರಿಕೊಂಡಿರಬೇಕು ಎಂದು ಮೂವರೂ ಅಡುಗೆಮನೆಯ ಮೇಜಿನ ಸುತ್ತ ಕೂತು ಒಡೆದೆವು. ಅಮ್ಮ ಕೈ ಕೂಡ ಒರೆಸಿಕೊಂಡಿರಲಿಲ್ಲ. ನಾನು ಗಟ್ಟಿಯಾಗಿ ಓದಿದೆ. "ಪ್ರೀತಿಯ ಬಾಲ, ಗಿಡ ಹೇಗಿದೆ?" ಅದು ನಿಮ್ಮ ಮೊದಲ ಸಾಲು. ನಿಮ್ಮ ಹಿಂದೆಯೇ ಸುತ್ತುತ್ತಿದ್ದೆನೆಂದು ನನ್ನನ್ನು ಬಾಲ ಅನ್ನುತ್ತಿದ್ದಿರಿ. ಬಾಲವನ್ನು ಇಲ್ಲೇ ಬಿಟ್ಟು ಹೋದವರಿಗೆ ಆ ಹೆಸರು ಇನ್ನೂ ನೆನಪಿದೆ ಎಂದು ಒಂದು ಗಳಿಗೆ ಹಿಗ್ಗಿದೆ. ಎರಡನೆಯ ಸಾಲು ಓದುವಷ್ಟರಲ್ಲಿ ಆ ಹಿಗ್ಗು ಇಳಿಯಿತು. ಎಲೆ ಹಳದಿಯಾಗಿದೆಯೇ, ಬುಡದ ಗೆಡ್ಡೆ ಎಷ್ಟು ದಪ್ಪವಾಗಿದೆ, ಈ ವರ್ಷ ಹೂ ಹೇಗೆ ಬಂತು ಎಂದು ಒಂದೂವರೆ ಪುಟ. ಆಮೇಲೆ ನೀವು ಒಯ್ದಿದ್ದ ಗಿಡ ಸತ್ತ ಸುದ್ದಿ. ಆಮೇಲೆ ನೆಡಲು ಕಡ್ಡಿ. ಬಲಿತೂ ಬಲಿಯದ ಕೊಂಬೆಯಿಂದ ಒಂದು ಕಡ್ಡಿ, ಒದ್ದೆ ಪಾಚಿಯಲ್ಲಿ ಸುತ್ತಿ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಚಳಿಗಾಲಕ್ಕೆ ಮೊದಲು ಕಳಿಸಬೇಕು. ಕೊನೆಯ ಸಾಲಿನಲ್ಲಿ, ಜಾಗ ಮಿಕ್ಕಿತ್ತೇನೋ, ಮನೆಯಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆದಿದ್ದಿರಿ. ಅಜ್ಜಿ, ಇನ್ನೇನು ಬರ್ದಿದಾನೆ ಓದು ಓದು ಎಂದಳು. ಇನ್ನೇನೂ ಇಲ್ಲ ಎಂದು ಹೇಳಲು ಬಾಯಿ ಬಾರದೆ, ನಿಮ್ಮ ತಾಯಿಗೆ ನಮಸ್ಕಾರ ಬರೆದಿದ್ದೀರಿ ಎಂದು ಸುಳ್ಳು ಹೇಳಿದೆ. ಆ ನಮಸ್ಕಾರ ನೀವು ನನಗೆ ಬಾಕಿ.

ಗಿಡ ಹೇಗಿದೆ ಎಂದು ಕೇಳಿದ್ದೀರಲ್ಲ, ಹೇಳುತ್ತೇನೆ. ಚೆನ್ನಾಗಿದೆ. ಈ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಇರುವುದು ಅದೇ. ಅಜ್ಜಿ ಅದಕ್ಕೆ ದೊರೆಸಾನಿ ಎಂದು ಹೆಸರಿಟ್ಟಿದ್ದಾಳೆ, ಅದರ ಷೋಕಿಗಳನ್ನು ಕಂಡೇ ಇಟ್ಟದ್ದು. ನಲ್ಲಿಯ ನೀರು ಆಗುವುದಿಲ್ಲ, ಸುಣ್ಣದ ಅಂಶ ತಾಗಿದರೆ ಎಲೆ ಬಿಳುಚಿಕೊಳ್ಳುತ್ತದೆ. ಸೂರಿನಿಂದ ಡ್ರಮ್ಮಿಗೆ ಇಳಿದ ಮಳೆನೀರೇ ಬೇಕು. ಮಣ್ಣು ಆಗುವುದಿಲ್ಲ, ಮರದ ತೊಗಟೆಯ ಚೂರು ಮತ್ತು ಪಾಚಿ ಬೇಕು. ದೊಡ್ಡ ಕುಂಡ ಕೊಟ್ಟರೆ ಮುನಿಸು. ಬೇಸಿಗೆಯಲ್ಲಿ ಗಾಜಿಗೆ ಗೋಣಿತಾಟು ಕಟ್ಟಿ, ನೆಲಕ್ಕೆ ನೀರು ಚಿಮುಕಿಸಿ, ಬಾಗಿಲು ತೆರೆದಿಟ್ಟು ತಂಪು ಮಾಡಿಕೊಡಬೇಕು. ಬ್ಲೂಬೆರಿ ಹಣ್ಣಿನ ದೂರದ ಸಂಬಂಧಿ ಎಂದು ನೀವು ಹೇಳುತ್ತಿದ್ದಿರಿ. ಬಿಸಿ ದೇಶಗಳ ಎತ್ತರದ ಬೆಟ್ಟಗಳಲ್ಲಿ, ಮೋಡ ಕೂತುಕೊಳ್ಳುವ ಕಾಡಿನಲ್ಲಿ, ನೆಲ ಬಿಟ್ಟು ಮರದ ಕೊಂಬೆಯ ಮೇಲೆ ಬೇರೂರುವ ಗಿಡ. ನೆಲಕ್ಕೆ ಕಾಲಿಡದ ಹೆಂಗಸಿಗೆ ಇನ್ನೇನು ಹೆಸರಿಡಬೇಕು ಎಂಬುದು ಅಜ್ಜಿಯ ವಾದ.

ಆ ಗಿಡವನ್ನು ಅಜ್ಜಿ ಒಮ್ಮೆ ಕೊಂದೇಬಿಡುತ್ತಿದ್ದಳು, ಅದೂ ನಿಮ್ಮ ಮೇಲಿನ ಪ್ರೀತಿಗೆ. ನೀವು ಹೋದ ಮೊದಲ ಚಳಿಗಾಲ. ಬಿಸಿ ದೇಶದ್ದು ಎಂದು ಅವಳ ಕಿವಿಗೆ ಬಿದ್ದಿತ್ತು, ಬೆಟ್ಟದ್ದು ಎಂಬುದು ಬಿದ್ದಿರಲಿಲ್ಲ. ಹೊರಗೆ ಡ್ರಮ್ಮಿನ ನೀರು ಗಾಜಿನ ಹಾಗೆ ಗಟ್ಟಿಯಾಗಿತ್ತು. ಮಗ ಒಪ್ಪಿಸಿ ಹೋದ ಗಿಡ ನಡುಗುತ್ತಿದೆ ಎಂದು ಅವಳಿಗೆ ಸಂಕಟ. ತನ್ನ ಕೋಣೆಯ ಹೀಟರನ್ನು ಎಳೆದುಕೊಂಡು ಹೋಗಿ ಗಾಜಿನ ಕೋಣೆಯಲ್ಲಿಟ್ಟಳು, ಕಿಟಕಿಯ ಸಂದುಗಳಿಗೆ ಹಳೆಯ ಬಟ್ಟೆ ತುರುಕಿದಳು, ಗಿಡಕ್ಕೆ ತನ್ನ ಶಾಲು ಹೊದಿಸಿದಳು. ತಾನು ಕೋಣೆಯಲ್ಲಿ ಗಡಗಡ ನಡುಗುತ್ತಾ ಮಲಗಿದಳು. ವಾರದಲ್ಲಿ ದೊರೆಸಾನಿ ಮೊಗ್ಗುಗಳನ್ನೆಲ್ಲ ಉದುರಿಸಿ, ಎಲೆ ಮುದುಡಿಸಿಕೊಂಡು ನಿಂತಳು. ನನಗೆ ನಿಮ್ಮ ಮಾತು ನೆನಪಾಯಿತು: ಇದು ಚಳಿಗೆ ಸಾಯಲ್ಲ ಬಾಲ, ನೀರು ಗಡ್ಡೆ ಕಟ್ಟದೆ ಇದ್ರೆ ಸಾಕು, ಸಾಯೋದು ಸೆಕೆಗೆ. ಅಳುತ್ತಾ ಹೀಟರ್ ಆರಿಸಿ, ಬಟ್ಟೆ ಕಿತ್ತು, ಕಿಟಕಿ ತೆಗೆದೆ. ಅಜ್ಜಿ ನನ್ನನ್ನು ಕೊಲೆಗಡುಕಿ ಎಂದಳು. ಅಮ್ಮ ನಡುವೆ ಬಂದು ಇಬ್ಬರಿಗೂ ಬೈದಳು, ಗಿಡಕ್ಕೂ ಬೈದಳು. ನಿಮಗೆ ಬೈಯಲಿಲ್ಲ. ಅದು ನನಗೆ ಆಗಲೇ ವಿಚಿತ್ರ ಅನಿಸಿತ್ತು.

ನಾನು ಯಾಕೆ ಅತ್ತೆ ಎಂದು ನಿಮಗೆ ಗೊತ್ತು. ಗೊತ್ತಿಲ್ಲ ಎಂದು ನಟಿಸಬೇಡಿ. ನೀವು ಹೋಗುವ ಮುಂಚೆ ಬೆಂಚಿನ ಮೇಲೆ ಎರಡು ಗಿಡ ಇದ್ದವು. ಬೇರೆ ಬೇರೆ ಬೀಜದಿಂದ ನೀವೇ ಎಬ್ಬಿಸಿದ್ದು. ನೀವು ಹೋಗುವ ವರ್ಷದ ವಸಂತದಲ್ಲಿ ಎರಡೂ ಮೊದಲ ಸಲ ಹೂ ಬಿಟ್ಟವು, ಕೊಂಬೆಯ ಅಡಿಯಲ್ಲಿ ಸಾಲಾಗಿ ತೂಗುವ ಕೆಂಪು ಕೊಳವೆಗಳು, ಮೇಣ ಬಳಿದ ಹಾಗೆ ಹೊಳಪು. ಅಮ್ಮ ಹೊಲಿಗೆ ಯಂತ್ರದ ದೂಳು ತೆಗೆಯುವ ಸಣ್ಣ ಕುಂಚ ಕದ್ದು, ನೀವು ಒಂದರ ಹೂವಿನ ಬಾಯಿಂದ ಇನ್ನೊಂದರ ಹೂವಿನ ಬಾಯಿಗೆ ಪರಾಗ ಒಯ್ಯುತ್ತಿದ್ದಿರಿ. ಬೇಸಿಗೆ ಕಳೆಯುವಾಗ ಹಣ್ಣಾಯಿತು. ಬಿಳಿ ಮಣಿಯಂಥದ್ದು, ಬೆಳಕಿಗೆ ಹಿಡಿದರೆ ಒಳಗಿನ ಬೀಜ ಕಾಣುತ್ತಿತ್ತು. ಬೀಜ ಬೇಕು ಎಂದು ನನಗೆ ತಿನ್ನಲು ಕೊಡಲಿಲ್ಲ. ನಂತರ ದೊಡ್ಡ ಊರಿನ ದೊಡ್ಡ ತೋಟದ ದೊಡ್ಡ ಗಾಜಿನಮನೆಯಿಂದ ನಿಮಗೆ ಕರೆ ಬಂತು. ಆರು ತಿಂಗಳು ಎಂದಿರಿ. ಹೋಗುವ ದಿನ ಒಂದು ಗಿಡವನ್ನು ಬಕೆಟ್ಟಿನಲ್ಲಿಟ್ಟು, ಅಮ್ಮ ನಿಮಗಾಗಿ ಹೆಣೆದ ಮಫ್ಲರನ್ನು ಅದಕ್ಕೆ ಸುತ್ತಿದಿರಿ. ನಾನು ಬಾಗಿಲಿಗೆ ಅಡ್ಡ ನಿಂತು, ಯಾವಾಗ ಬರ್ತೀಯ ಎಂದು ಕೇಳಿದೆ. ನೀವು ಉಳಿದ ಗಿಡವನ್ನು ತೋರಿಸಿ, "ಇದು ಹಣ್ಣು ಬಿಟ್ಟ ದಿನ ಕಾಗದ ಹಾಕು. ಮಾರನೇ ದಿನ ಬಂದ್ಬಿಡ್ತೀನಿ" ಎಂದಿರಿ.

ಐದನೇ ತರಗತಿಯ ಹುಡುಗಿಗೆ ಇದಕ್ಕಿಂತ ಗಟ್ಟಿ ಮಾತು ಬೇಕೇ? ಕಣ್ಣಾರೆ ಹಣ್ಣು ನೋಡಿದ್ದೆ. ಈ ಗಿಡ ಹಣ್ಣು ಬಿಡುತ್ತದೆ ಎಂದು ನನಗೆ ಗೊತ್ತಿತ್ತು, ನನ್ನ ಆರೈಕೆ ಒಂದೇ ಬಾಕಿ ಎಂದುಕೊಂಡೆ. ಪ್ರತಿ ವಸಂತದಲ್ಲೂ ಕುಂಚ ಹಿಡಿದು ಈ ಹೂವಿನಿಂದ ಆ ಹೂವಿಗೆ, ಆ ಹೂವಿನಿಂದ ಈ ಹೂವಿಗೆ. ಹೂಗಳು ಉದುರಿ ತೊಟ್ಟು ಖಾಲಿ ಉಳಿಯುತ್ತಿತ್ತು. ಒಂದು ಗಿಡಕ್ಕೆ ಆಗುತ್ತಿಲ್ಲವೇನೋ ಎಂದು ಅದರದೇ ಕಡ್ಡಿಗಳನ್ನು ಬೇರು ಬರಿಸಿ ಬೆಂಚಿನ ತುಂಬ ಗಿಡ ಮಾಡಿದೆ. ದೊರೆಸಾನಿಯ ಮಕ್ಕಳು ಮರಿ ಎಂದು ಅಜ್ಜಿ ಎಣಿಸುತ್ತಿದ್ದಳು. ಎಲ್ಲವೂ ಹೂ ಬಿಟ್ಟವು, ಒಂದೂ ಕಾಯಿ ಕಟ್ಟಲಿಲ್ಲ. ನಿಮ್ಮ ಕಾಗದಗಳು ವಾರಕ್ಕೊಂದು ಇದ್ದದ್ದು ತಿಂಗಳಿಗೊಂದಾಗಿ, ಆಮೇಲೆ ನಿಂತವು. ನಿಮ್ಮ ಹಳೆಯ ಸಹೋದ್ಯೋಗಿಯೊಬ್ಬರು ದಾರಿಯಲ್ಲಿ ಸಿಕ್ಕಿ, ಕಣ್ಣು ತಪ್ಪಿಸುತ್ತಾ, ಅಲ್ಲಿ ನೀವು ಗಿಡಗಳ ಚಿತ್ರ ಬರೆಯುವವರೊಬ್ಬರ ಜೊತೆ ಮನೆ ಮಾಡಿದ್ದೀರಿ ಎಂದು ಅಮ್ಮನಿಗೆ ಹೇಳಿದರು. ಅಮ್ಮ ಮನೆಗೆ ಬಂದು ಅಕ್ಕಿ ಆರಿಸುತ್ತಾ ಕೂತಳು. ನಾನು ಗಾಜಿನ ಕೋಣೆಗೆ ಹೋಗಿ ಗಿಡಕ್ಕೆ ಇನ್ನಷ್ಟು ಉಪಚಾರ ಮಾಡಿದೆ. ಹಣ್ಣು ಬಿಟ್ಟರೆ ಅಮ್ಮನ ಮುಖ ಮೊದಲಿನ ಹಾಗಾಗುತ್ತದೆ ಎಂದೇ ನನ್ನ ನಂಬಿಕೆ. ನಗಬೇಡಿ, ನಂಬಿಸಿದವರು ನಗಬಾರದು.

ದೊಡ್ಡವಳಾದ ಮೇಲೆ ನಂಬಿಕೆ ಹೋಯಿತು ಎಂದು ಬರೆದರೆ ನನ್ನ ಮಾನ ಉಳಿಯುತ್ತದೆ. ಆದರೆ ಹೋಗಲಿಲ್ಲ. ಬುದ್ಧಿಗೆ ಎಲ್ಲಾ ಗೊತ್ತಿತ್ತು, ಕೈಗೆ ಮಾತ್ರ ಗೊತ್ತಾಗಲಿಲ್ಲ. ವಸಂತ ಬಂತೆಂದರೆ ಕುಂಚ ಹುಡುಕುತ್ತಿತ್ತು.

ಹೋದ ವರ್ಷ ಫೆಬ್ರವರಿಯಲ್ಲಿ ಔಷಧಿ ಅಂಗಡಿಯ ಮೇಡಂ ಪರಿಚಯವಾದರು. ಅವರ ಅಂಗಡಿಗೆ ನಮ್ಮ ಕಂಪನಿಯ ಎರಡು ಗಿಡ ಬಾಡಿಗೆಗೆ ಇವೆ. ಮನೆಯಲ್ಲಿ ಒಂದು ಭಾರದ ಕುಂಡ ಸರಿಸಬೇಕಿತ್ತು, ಸಹಾಯಕ್ಕೆ ಕರೆದರು. ಅವರ ಮನೆಯ ಹಿಂದೆ ನಮ್ಮದರಂಥದೇ ತಂಪು ಗಾಜಿನ ಕೋಣೆ. ಒಳಗೆ ಕಾಲಿಟ್ಟವಳು ಹಾಗೆಯೇ ನಿಂತುಬಿಟ್ಟೆ. ದೊರೆಸಾನಿ, ಅದೇ ಎಲೆ, ಅದೇ ಕೆಂಪು ಹೂ, ಹೂಗಳ ಹಿಂದೆ ಕಳೆದ ಸಲದ ಒಂದೆರಡು ಬಿಳಿ ಹಣ್ಣು ಇನ್ನೂ ಉದುರದೆ ನಿಂತಿವೆ. ಕುಂಡ ಸರಿಸುವುದು ಮರೆತು ಹೋಯಿತು. ನಮ್ಮ ಮನೆಯಲ್ಲಿ ಬೆಂಚಿನ ತುಂಬ ಇದೆ, ಒಂದೂ ಹಣ್ಣು ಬಿಟ್ಟಿಲ್ಲ ಎಂದು ಹೇಳಿದೆ. ಎಲ್ಲಿಂದ ಬಂದವು ಎಂದು ಕೇಳಿದರು. ಎಲ್ಲಾ ಒಂದೇ ಗಿಡದ ಕಡ್ಡಿಗಳು ಎಂದೆ. ಅವರು ಕನ್ನಡಕ ತೆಗೆದು ಸೆರಗಿಗೆ ಒರೆಸುತ್ತಾ, "ಹಾಗಾದ್ರೆ ನಿಮ್ಮನೇಲಿ ಇರೋದು ಒಂದೇ ಗಿಡ ಕಣಮ್ಮ" ಎಂದರು. ಈ ಗಿಡ ತನ್ನದೇ ಪರಾಗಕ್ಕೆ ಕಾಯಿ ಕಟ್ಟುವುದಿಲ್ಲ, ಬೇರೆ ಬೀಜದಿಂದ ಹುಟ್ಟಿದ ಇನ್ನೊಂದು ಪಕ್ಕದಲ್ಲಿ ಬೇಕು, ಅದಕ್ಕೇ ತಾವು ಎರಡು ಇಟ್ಟಿರುವುದು ಎಂದು ಬೆಂಚಿನ ಇನ್ನೊಂದು ತುದಿ ತೋರಿಸಿದರು. ಗಿಡ ಕೊಟ್ಟವರು ಹೇಳಲಿಲ್ವಾ ಎಂದೂ ಕೇಳಿದರು. ಇಲ್ಲ, ಅವರಿಗೆ ಗೊತ್ತಿರಲಿಲ್ಲವೇನೋ ಎಂದೆ. ಆ ಹೊತ್ತಿನಲ್ಲೂ ನಿಮ್ಮ ಮಾನ ಕಾಪಾಡಿದೆ.

ವ್ಯಾನಿನಲ್ಲಿ ಕೂತ ಮೇಲೆ ಮೈಯೆಲ್ಲ ಉರಿಯಿತು. ನಿಮಗೆ ಗೊತ್ತಿತ್ತು. ನಿಮ್ಮ ಕುಂಚ ಯಾವತ್ತೂ ಒಂದೇ ಗಿಡದೊಳಗೆ ಓಡಾಡಿದ್ದಿಲ್ಲ, ಇದರಿಂದ ಅದಕ್ಕೆ, ಅದರಿಂದ ಇದಕ್ಕೆ, ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಜೋಡಿಯನ್ನು ಮುರಿದು ಒಂದನ್ನು ಬಕೆಟ್ಟಿನಲ್ಲಿ ಎತ್ತಿಕೊಂಡ ಕೈಯಲ್ಲೇ ಉಳಿದದ್ದನ್ನು ತೋರಿಸಿ ಆ ಮಾತು ಹೇಳಿದಿರಿ. ಬರುವುದಿಲ್ಲ ಎಂದು ಹೇಳಿದ್ದರೆ ಮಗು ಎರಡು ದಿನ ಊಟ ಬಿಟ್ಟು, ಮೂರನೇ ದಿನ ತಿಂದಿರುತ್ತಿತ್ತು. ಗಡಿಬಿಡಿಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿದೆ ಎನ್ನುತ್ತೀರೇನೋ. ಇರಬಹುದು. ಅಷ್ಟು ಸಲೀಸಾಗಿ ಬಾಯಿಗೆ ಬಂತಲ್ಲ, ಅದೇ ನನಗೆ ಅರಗದ್ದು.

ಮಾರನೆಯ ವಾರ ಮೇಡಂ ಹತ್ತಿರ ಮತ್ತೆ ಹೋಗಿ, ಅವರ ಗಿಡದ ನಾಲ್ಕು ಹೂಗಳನ್ನು ಖಾಲಿ ಮಾತ್ರೆ ಡಬ್ಬಿಯಲ್ಲಿ ಹಾಕಿಸಿಕೊಂಡು ಬಂದೆ. ಯಾಕೆ ಎಂದು ಕೇಳಿದರೆ ಒಂದೇ ಉತ್ತರ ಇಲ್ಲ. ನಿಮ್ಮನ್ನು ಮಾತಿನಲ್ಲಿ ಹಿಡಿಯಬೇಕಿತ್ತು. ಹಣ್ಣು ಬಿಡಿಸಿ, ಕಾಗದ ಹಾಕಿ, ನೀವು ಏನು ಮಾಡುತ್ತೀರೋ ನೋಡಬೇಕಿತ್ತು. ಅಮ್ಮನಿಗಾಗಿ ಮಾಡುತ್ತಿದ್ದೇನೆ ಎಂದೂ ಅಂದುಕೊಂಡಿದ್ದೆ. ಹೊರಗೆ ಒಂದು ಮಾತೂ ಆಡದ ಅಮ್ಮ ಒಳಗೊಳಗೇ ಕಾಯುತ್ತಿದ್ದಾಳೆ ಎಂದು ನನ್ನ ಲೆಕ್ಕ. ಕುಂಚ ಆಡಿಸಿದೆ. ಹೂ ಉದುರಿತು, ಈ ಸಲ ತೊಟ್ಟು ಒಣಗಲಿಲ್ಲ. ಹಿಂದೆ ಹಸಿರು ಮಣಿಗಳು ಉಬ್ಬುತ್ತಾ ಬಂದವು. ಊಟದ ಹೊತ್ತಿಗೆ ಸುದ್ದಿ ಹೇಳಿದೆ. ಅಜ್ಜಿ ಕೂತಲ್ಲಿಂದ ಎದ್ದು ನಿಂತಳು. ಅಮ್ಮ, ಸಾರು ಆರಿಹೋಗ್ತಿದೆ, ತಿನ್ನಿ ಎಂದಳು.

ಬೇಸಿಗೆಗೆ ಮಣಿಗಳು ಒಂದೊಂದಾಗಿ ಮಾಯವಾಗತೊಡಗಿದವು. ಉದುರಿದ್ದಲ್ಲ, ನೆಲದಲ್ಲಿ ಒಂದೂ ಇಲ್ಲ. ಇಲಿ ಎಂದು ಬೋನು ಇಟ್ಟೆ, ಅದರಲ್ಲಿ ಅಜ್ಜಿಯ ಚಪ್ಪಲಿ ಸಿಕ್ಕಿಬಿತ್ತು. ಕಾಲು ಸಿಗಲಿಲ್ಲ ಎಂಬುದು ನನ್ನ ಪುಣ್ಯ, ಒಂದು ವಾರ ಬೈಗುಳದಲ್ಲೇ ಕಳೆಯಿತು. ಹಕ್ಕಿ ಎಂದು ಕಿಟಕಿಗೆ ಬಲೆ ಕಟ್ಟಿದೆ. ಮಣಿಗಳು ಕಡಿಮೆಯಾಗುತ್ತಲೇ ಹೋದವು. ನನಗೆ ಅಜ್ಜಿಯ ಮೇಲೇ ಅನುಮಾನ. ಕಣ್ಣು ಕಾಣದೆ ಮುಟ್ಟಿ ಮುಟ್ಟಿ ಕೀಳುತ್ತಾಳೆ ಎಂದು ಅವಳ ಮೇಲೆ ಹರಿಹಾಯ್ದೆ, ಅವಳು ಅತ್ತಳು. ಆಮೇಲೆ ಒಂದು ಮಧ್ಯಾಹ್ನ ಕಂಪನಿಯ ವ್ಯಾನು ದಾರಿಯಲ್ಲಿ ಕೆಟ್ಟು ನಿಂತು ಬೇಗ ಮನೆಗೆ ಬಂದೆ. ಗಾಜಿನ ಕೋಣೆಯಲ್ಲಿ ಅಮ್ಮ ಇದ್ದಳು. ಎಲೆಗಳನ್ನು ಒಂದೊಂದಾಗಿ ಎತ್ತಿ ನೋಡಿ, ಹೊಲಿಗೆಯ ದಾರ ಕತ್ತರಿಸುವ ಪುಟ್ಟ ಕತ್ತರಿಯಿಂದ ಕಾಯಿಗಳನ್ನು ತೊಟ್ಟಿನ ಬುಡದಲ್ಲಿ ಕತ್ತರಿಸಿ ಏಪ್ರನ್ನಿನ ಜೇಬಿಗೆ ಹಾಕಿಕೊಳ್ಳುತ್ತಿದ್ದಳು. ಆಸ್ಪತ್ರೆಯ ಹೊದಿಕೆ ಹೊಲಿಯುವಷ್ಟೇ ಅಚ್ಚುಕಟ್ಟು. ನನ್ನನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ, ಕೈಯಲ್ಲಿದ್ದ ಕೊಂಬೆ ಮುಗಿಸಿ ತಿರುಗಿದಳು.

ನನಗೆ ಮೊದಲು ಹೊಳೆದದ್ದು, ಅಮ್ಮನಿಗೆ ನೀವು ಬರುವುದು ಬೇಡ ಎಂದು. ಅದನ್ನೇ ಕೇಳಿದೆ. ಅಪ್ಪ ಬಂದುಬಿಡ್ತಾರೆ ಅಂತ ಭಯಾನಾ ಎಂದೆ. ಅಮ್ಮ ಜೇಬಿನ ಕಾಯಿಗಳನ್ನು ಬೆಂಚಿನ ಮೇಲೆ ಸುರಿದು, ಸ್ಟೂಲು ಎಳೆದುಕೊಂಡು ಕೂತಳು. ಅವಳು ಹೇಳಿದ್ದನ್ನು ಅವಳು ಹೇಳಿದ ಹಾಗೆಯೇ ಬರೆಯುತ್ತೇನೆ.

"ಬರ್ತಾರೆ ಅಂತ ಅಲ್ಲ, ಬರಲ್ಲ ಅಂತ. ಹಣ್ಣು ಇಲ್ದೆ ಇದ್ರೆ ನೀನು ಗಿಡಾನ ಬೈಕೊಂಡು ಇರ್ತೀಯ. ಹಣ್ಣಾದ್ಮೇಲೆ, ಕಾಗದ ಹಾಕಿದ್ಮೇಲೆ, ಬಾಗಿಲು ನೋಡ್ಕೊಂಡು ಕೂತ್ಮೇಲೆ, ಯಾರನ್ನ ಬೈಕೋತೀಯ? ನಾನು ಕಾಯೋದು ಬಿಟ್ಟು ಯಾವ ಕಾಲ ಆಯ್ತು. ಈ ಮನೇಲಿ ಕಾಯ್ತಾ ಇರೋಳು ನೀನೊಬ್ಳೇ."

ಇಷ್ಟು ವರ್ಷ ನಾನು ಅಮ್ಮನಿಗಾಗಿ ಕುಂಚ ಹಿಡಿದಿದ್ದೆ, ಈಗ ಅಮ್ಮ ನನಗಾಗಿ ಕತ್ತರಿ ಹಿಡಿದಿದ್ದಳು. ಇಬ್ಬರ ನಡುವೆ ಗಿಡ ಹಾಳಾಗದೆ ಉಳಿದದ್ದೇ ಹೆಚ್ಚು. ಆ ದಿನ ಬಹಳ ಹೊತ್ತು ಅತ್ತೆ. ಅಮ್ಮ ಸಮಾಧಾನ ಮಾಡಲಿಲ್ಲ, ಪಕ್ಕದಲ್ಲಿ ಕೂತು ಉದುರಿದ ಎಲೆ ಆರಿಸುತ್ತಿದ್ದಳು.

ಒಂದು ಕಾಯಿ ಅವಳ ಕತ್ತರಿಗೆ ತಪ್ಪಿಸಿಕೊಂಡು ಹಿಂದಿನ ಕೊಂಬೆಯಲ್ಲಿ ಉಳಿದಿತ್ತು. ಅಕ್ಟೋಬರಿನಲ್ಲಿ ಹಣ್ಣಾಯಿತು, ಕಣ್ಣು ಕಾಣದ ಅಜ್ಜಿಯ ಕೈಗೇ ಅದು ಸಿಗಬೇಕೇ? ಕಿತ್ತು ಬಾಯಿಗೆ ಹಾಕಿಕೊಂಡುಬಿಟ್ಟಳು. ಹೇಗಿತ್ತು ಅಜ್ಜಿ ಎಂದು ಇಬ್ಬರೂ ಒಟ್ಟಿಗೆ ಕೇಳಿದೆವು. ಏನೂ ಇಲ್ಲ, ಬರೀ ನೀರು ಎಂದಳು. ಇದಕ್ಕಾ ಇಷ್ಟು ವರ್ಷ ಕುಣಿಸಿದ್ದು ದೊರೆಸಾನಿ ಎಂದು ಗಿಡಕ್ಕೆ ಒಂದು ಏಟು ಕೊಟ್ಟಳು. ಅಂದರೆ ಹಣ್ಣು ಬಿಟ್ಟಿತ್ತು ಅಪ್ಪ. ನಾನು ಕಾಗದ ಹಾಕಲಿಲ್ಲ. ಈ ವಸಂತದಲ್ಲಿ ಕುಂಚವನ್ನೂ ಹಿಡಿಯಲಿಲ್ಲ. ಹೂಗಳು ತಮ್ಮ ಪಾಡಿಗೆ ಅರಳಿ ಉದುರಿದವು, ನಾನು ತೊಟ್ಟುಗಳನ್ನು ಎಣಿಸಲಿಲ್ಲ, ಅಷ್ಟರ ಮಟ್ಟಿಗೆ ಸುಖವಾಗಿದ್ದೆ.

ಆಗ ನಿಮ್ಮ ಕಾಗದ. ನಿಮ್ಮ ಗಿಡ ಹೇಗೆ ಸತ್ತಿತು ಎಂದು ಬರೆದಿದ್ದೀರಿ. ನೋಡಲು ಬರುವವರ ಕಣ್ಣಿಗೆ ಬೀಳಲಿ ಎಂದು ದೊಡ್ಡ ಹಜಾರದ ನಡುವೆ, ತಾಳೆಮರಗಳ ಪಕ್ಕ, ನಿಮ್ಮ ಹೆಸರಿನ ಬೋರ್ಡಿನ ಕೆಳಗೆ ಇಟ್ಟಿರಂತೆ. ಬೆವರಿಳಿಯುವ ಹಜಾರ ಅದು ಎಂದು ನೀವೇ ಮೊದಲ ಕಾಗದಗಳಲ್ಲಿ ಬಣ್ಣಿಸಿದ್ದಿರಿ. ಬುಡ ಕೊಳೆಯಿತಂತೆ. ಸೆಕೆಗೆ ಸಾಯುವ ಗಿಡ ಎಂದು ಮಗುವಿಗೆ ಪಾಠ ಹೇಳಿದವರು ತಾವೇ ಅದನ್ನು ಬೇಯಿಸಿದಿರಿ. ಅಜ್ಜಿ ಮಾಡಿದ್ದು ತಿಳಿಯದೆ, ತನ್ನ ಶಾಲು ಕೊಟ್ಟು. ನಿಮ್ಮ ಗಿಡ ಇಷ್ಟು ವರ್ಷ ಹೇಗೆ ಉಳಿದಿತ್ತು ಎಂಬುದೇ ಆಶ್ಚರ್ಯ, ಬಹುಶಃ ಆ ಚಿತ್ರ ಬರೆಯುವವರು ನೋಡಿಕೊಂಡಿರಬೇಕು. ಅವರ ಬಗ್ಗೆ ನನಗೆ ಸಿಟ್ಟಿಲ್ಲ, ಅವರ ಮನೆಯ ಬಾಗಿಲಲ್ಲಿ ನೀವು ಯಾವ ಗಿಡ ತೋರಿಸಿ ಹೋಗುತ್ತೀರೋ ಎಂಬ ಚಿಂತೆ ಮಾತ್ರ ಇದೆ.

ಕಡ್ಡಿಯ ವಿಷಯ. ಬುಧವಾರದಿಂದ ಇವತ್ತಿನವರೆಗೂ ಅದೇ ತಲೆಯಲ್ಲಿ ಕೊರೆಯುತ್ತಿದೆ. ಕೊಟ್ಟುಬಿಡೋಣ ಎಂದು ಒಮ್ಮೆ ಅನಿಸುತ್ತದೆ, ಗಿಡ ಏನು ಮಾಡಿತು ಪಾಪ. ಆದರೆ ನಿಮ್ಮ ಕಾಗದದ ಮೊದಲ ಸಾಲು ಓದಿದಾಗ ಅಜ್ಜಿ ಕತ್ತು ಮುಂದೆ ಚಾಚಿ ಕೂತಿದ್ದ ರೀತಿ ಕಣ್ಣಿಗೆ ಕಟ್ಟುತ್ತದೆ. ತನ್ನ ಹೆಸರು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕೊನೆಯವರೆಗೂ ಕಾದಳು. ಆದ್ದರಿಂದ ಕೊಡುವುದಿಲ್ಲ. ಗಿಡ ನಿಮ್ಮದೇ ಇರಬಹುದು, ಬೀಜ ನಿಮ್ಮದೇ ಇರಬಹುದು, ಮಳೆನೀರು ಹೊತ್ತವಳು ನಾನು. ಬೆಂಚಿನ ತುಂಬ ಇವೆ, ಒಂದು ಕಡ್ಡಿ ಕತ್ತರಿಸಿದರೆ ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ನನಗೆ ಗೊತ್ತಾಗುತ್ತದೆ. ಒಂದು ಸಲವಾದರೂ ನಿಮಗೆ ಇಲ್ಲ ಎನ್ನುವ ಸುಖ ನನಗೆ ಬೇಕು. ನೀವು ಅದನ್ನು ಸಣ್ಣತನ ಎನ್ನಿ, ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ಬರೆಯಬೇಕಾದದ್ದು ಇಷ್ಟೇ. ಮಂಡಿಗೆ ಬಿಸಿ ಬಟ್ಟೆ ಶಾಖ ಕೊಟ್ಟುಕೊಳ್ಳಿ, ತಣ್ಣನೆಯ ನೆಲದ ಮೇಲೆ ಕೂರಬೇಡಿ. ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ಹೇಳಿ, ಮನಸಾರೆ ಹೇಳುತ್ತಿದ್ದೇನೆ. ಅಜ್ಜಿ ಆಶೀರ್ವಾದ ತಿಳಿಸು ಎಂದಿದ್ದಾಳೆ, ಅದನ್ನು ತಡೆಹಿಡಿಯುವ ಹಕ್ಕು ನನಗಿಲ್ಲ, ತಿಳಿಸಿದ್ದೇನೆ. ಅಮ್ಮ ಏನೂ ಹೇಳಿಲ್ಲ.

ಇತಿ,
ನಿಮ್ಮ ಮಗಳು

ವಿ.ಸೂ.: ಲಕೋಟೆ ಅಂಟಿಸುವಷ್ಟರಲ್ಲಿ ಅಮ್ಮ ಪಾಳಿ ಮುಗಿಸಿ ಬಂದಳು. ಕೋಟು ಕೂಡ ಬಿಚ್ಚದೆ, ನಿಂತೇ ಪೂರ್ತಿ ಓದಿದಳು. ಚೆನ್ನಾಗಿ ಬರ್ದಿದೀಯ, ಆದ್ರೆ ಕಡ್ಡಿ ಕೊಟ್ಬಿಡು ಎಂದಳು. ಯಾಕೆ ಕೊಡಬೇಕು ಎಂದು ನಾನು ಜಗಳಕ್ಕೆ ನಿಂತೆ. "ಕೊಡ್ದೆ ಇದ್ರೆ ಕೇಳ್ಕೊಂಡು ಇಲ್ಲಿಗೇ ಬರ್ತಾರೆ ಕಣೆ" ಎಂದಳು. ನನಗೆ ಇದು ಹೊಳೆದೇ ಇರಲಿಲ್ಲ. ನಮಗಾಗಿ ಬರದವರು ಇದಕ್ಕಾಗಿ ಬಂದೇ ಬರುತ್ತೀರಿ. ಅಜ್ಜಿ ಅದನ್ನು ನೋಡಬಾರದು. ಕಡ್ಡಿಗಳನ್ನು ಜೊತೆಗಿನ ಪೊಟ್ಟಣದಲ್ಲಿಟ್ಟಿದ್ದೇನೆ. ಒಂದು ಒಣಗಿತು ಎಂದು ಮತ್ತೆ ಕೇಳುವ ಹಾಗಾಗಬಾರದು, ಅದಕ್ಕೇ ನಾಲ್ಕು ಇವೆ, ಎಲ್ಲಾ ಒಳ್ಳೆಯ ಕೊಂಬೆಯವು, ಪಾಚಿಗೆ ಮಳೆನೀರನ್ನೇ ಹಾಕಿದ್ದೇನೆ. ತಂಪಿನಲ್ಲಿಡಿ. ನಾಲ್ಕೂ ಬೇರು ಬಿಡಲಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ತಲುಪಿತು ಎಂದು ಬರೆಯಬೇಡಿ.